ಗಾಣ ನಿಂತ ಮೇಲೆ ಬಂದ ಈಜುಕೊಳ

ಹೋದ ವಾರ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಗೆಳೆಯನೊಬ್ಬ ಒಂದು ರೀಲ್ಸ್ ಹಾಕಿದ. ಚೀನಾದ ಹೋಟೆಲೊಂದರದು. ಸುತ್ತ ಬೆಟ್ಟ, ಪಕ್ಕದಲ್ಲಿ ನದಿ, ದಡದಲ್ಲಿ ಈಜುಕೊಳ, ಈಜುಕೊಳದ ಮೇಲೆ ಹಳೆಯ ಸಕ್ಕರೆ ಕಾರ್ಖಾನೆಯ ತೊಲೆಗಳ ಚೌಕಟ್ಟು. ಕೆಳಗೆ ಅವನ ಮಾತು: 'ನಮ್ಮ ಕಡೆ ಮುಚ್ಚಿರೋ ಸಕ್ಕರೆ ಫ್ಯಾಕ್ಟರಿನೂ ಹಿಂಗೇ ಮಾಡಬಹುದಲ್ವಾ? ತುಕ್ಕು ಹಿಡಿದು ಬಿದ್ದಿರೋ ಬದಲು.' ಹದಿನೇಳು ಜನ ಹೆಬ್ಬೆಟ್ಟು ಒತ್ತಿದರು. ನಾನು ಒತ್ತಲಿಲ್ಲ. ಯಾಕೆ ಅಂತ ಗುಂಪಿನಲ್ಲಿ ಬರೆದರೆ ಉದ್ದದ ಮೆಸೇಜು ಯಾರೂ ಓದಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಆ ಹೋಟೆಲ್ ಇರುವುದು ದಕ್ಷಿಣ ಚೀನಾದ ಗುವಾಂಗ್ಶಿ ಪ್ರಾಂತ್ಯದ ಯಾಂಗ್‌ಶುವೊದಲ್ಲಿ, ಲಿ ನದಿಯ ದಡದಲ್ಲಿ. ಚೀನಾದಲ್ಲಿ ಅತಿ ಹೆಚ್ಚು ಕಬ್ಬು ಬೆಳೆಯುವ ಪ್ರಾಂತ್ಯ ಇದೇ. 1960ರ ದಶಕದಲ್ಲಿ ಕಟ್ಟಿದ ಸಕ್ಕರೆ ಕಾರ್ಖಾನೆ ಅಲ್ಲಿತ್ತು. ಅದು ನಿಂತುಹೋದ ಮೇಲೆ ಬೀಜಿಂಗಿನ ವಾಸ್ತುಶಿಲ್ಪಿ ಡಾಂಗ್ ಗಾಂಗ್ ಅವರ ವೆಕ್ಟರ್ ಆರ್ಕಿಟೆಕ್ಟ್ಸ್ ಸಂಸ್ಥೆ ಆ ಜಾಗವನ್ನು ಹೋಟೆಲಾಗಿ ರೂಪಿಸಿತು. 2017ರಲ್ಲಿ 'ಅಲಿಲಾ ಯಾಂಗ್‌ಶುವೊ' ಎಂಬ ಹೆಸರಿನಲ್ಲಿ ಬಾಗಿಲು ತೆರೆಯಿತು.

ಕೆಲಸ ಅಂದವಾಗಿದೆ, ಅದರಲ್ಲಿ ನನ್ನ ತಕರಾರಿಲ್ಲ. ಹಳೆಯ ಕಟ್ಟಡವನ್ನು ಕೆಡವಲಿಲ್ಲ. ಹೊಸ ಗೋಡೆಗಳಿಗೆ ಅಲ್ಲಿನದೇ ಕಲ್ಲು, ಜೊತೆಗೆ ನಮ್ಮೂರ ಕಾಂಪೌಂಡಿಗೆ ಹಾಕುವಂಥ ಹಾಲೋಬ್ಲಾಕು. ಬ್ಲಾಕಿನ ತೂತುಗಳಿಂದ ಗಾಳಿ ಬೆಳಕು ಒಳಗೆ ಬರುತ್ತದೆ. ಹೊಸ ಕಟ್ಟಡದ ಸೂರೂ ಹಳೆಯ ಕಾರ್ಖಾನೆಯ ಹಾಗೆ ಇಳಿಜಾರು. ರೀಲ್ಸಿನಲ್ಲಿ ಕಂಡ ಆ ಚೌಕಟ್ಟು ಹಿಂದೆ ನದಿಯ ಕಟ್ಟೆಯಲ್ಲಿ ಕಬ್ಬು ಸಾಗಿಸಲು ಇದ್ದದ್ದು. ಈಗ ಅದರ ನೆರಳಲ್ಲಿ ಜನ ಈಜುತ್ತಾರೆ. ಚೀನೀ ಭಾಷೆಯಲ್ಲಿ ಹೋಟೆಲಿನ ಹೆಸರಿನ ಅರ್ಥವೇ 'ಸಕ್ಕರೆ ಮನೆ'.

ನನ್ನ ಜಗಳ ಶುರುವಾಗುವುದು ಈ ಹೆಸರಿನಿಂದ. ಕಬ್ಬು ಬೆಳೆದವರ ಮನೆಯಲ್ಲಿ ಫ್ಯಾಕ್ಟರಿ ಅಂದರೆ ಏನು ನೆನಪಾಗುತ್ತದೆ ಹೇಳಿ. ಕಟಾವಿಗೆ ಯಾವಾಗ ಪರ್ಮಿಟ್ ಬರುತ್ತದೋ ಎಂದು ಕಾದದ್ದು, ರಾತ್ರಿಯೆಲ್ಲ ಟ್ರಾಕ್ಟರ್ ಸಾಲಿನಲ್ಲಿ ಮಲಗಿದ್ದು, ತೂಕದ ಜಗಳ, ಬಾಕಿ ಬಿಲ್ಲು, ಮೂರು ಪಾಳಿಯಲ್ಲಿ ದುಡಿದ ಚಿಕ್ಕಪ್ಪ. ಇದು ಯಾವುದೂ ಹೋಟೆಲಿನ ಗೋಡೆಗೆ ಅಂಟುವುದಿಲ್ಲ. ಅಂಟುವುದು ಇಟ್ಟಿಗೆ, ಕಲ್ಲು, ತುಕ್ಕಿನ ಬಣ್ಣ. ಹೋಟೆಲ್ ವಿನ್ಯಾಸದವರು 'ಪ್ರಾದೇಶಿಕ ಸಂಸ್ಕೃತಿ' ಎಂದು ಬರೆಯುವುದು ಇದನ್ನೇ. ಕಾರ್ಖಾನೆ ಓಡುತ್ತಿದ್ದಾಗ ಅದೇ ತೊಲೆಯನ್ನು ಯಾರೂ ಸಂಸ್ಕೃತಿ ಎನ್ನಲಿಲ್ಲ ನೋಡಿ.

'ಪಾಳು ಬೀಳುವುದಕ್ಕಿಂತ ವಾಸಿಯಲ್ವಾ' ಎನ್ನುತ್ತೀರಿ. ಈ ಮಾತಿಗೆ ಇನ್ನೂ ದೊಡ್ಡ ಉದಾಹರಣೆ ಶಾಂಘೈ ಹತ್ತಿರ ಇದೆ. ಜಿಯಾಂಗ್ಶಿ ಪ್ರಾಂತ್ಯದ ಫೂಝೌ ಬಳಿ ಒಂದು ಜಲಾಶಯದಿಂದ ಹಳ್ಳಿಗಳು ಮುಳುಗಲಿದ್ದವು. ಅಲ್ಲಿ ಹುಟ್ಟಿದ ಮಾ ದಾದಾಂಗ್ ಎಂಬ ಉದ್ಯಮಿ ಸುಮಾರು 50 ಹಳೆಯ ಮನೆಗಳನ್ನು ಕಲ್ಲು, ತೊಲೆ ಬಿಡಿಸಿ ನಂಬರು ಹಾಕಿಸಿ, ಸುಮಾರು 10,000 ಕರ್ಪೂರದ ಮರಗಳನ್ನು ಬೇರುಸಮೇತ ಕೀಳಿಸಿ, 700 ಕಿಲೋಮೀಟರ್ ಆಚೆ ಶಾಂಘೈಗೆ ಸಾಗಿಸಿದರು. ಮಿಂಗ್, ಚಿಂಗ್ ಅರಸರ ಕಾಲದ ಮನೆಗಳವು. 2018ರಲ್ಲಿ ಅಲ್ಲಿ 'ಅಮನ್‌ಯಾಂಗ್‌ಯುನ್' ಎಂಬ ಐಷಾರಾಮಿ ಹೋಟೆಲ್ ತೆರೆಯಿತು.

ಆ ಮನುಷ್ಯ ಅಷ್ಟು ಮಾಡದಿದ್ದರೆ ಮನೆಗಳೂ ಮರಗಳೂ ನೀರಿನ ಪಾಲಾಗುತ್ತಿದ್ದವು, ಒಪ್ಪುತ್ತೇನೆ. ಹುಟ್ಟಿದ ಊರಿನ ಮೇಲಿನ ಪ್ರೀತಿ ಸುಳ್ಳಲ್ಲ. ಆದರೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಮೊಮ್ಮಕ್ಕಳು ಈ ಬ್ಲಾಗ್ ಓದುತ್ತಾರೆ. ಅವರನ್ನು ಕೇಳಿ, ಊರು ಅಂದರೆ ಕಂಬ ಬಾಗಿಲಷ್ಟೇನಾ ಅಂತ. ದಕ್ಷಿಣ ಚೀನಾದ ಹಲವು ಕಡೆ ಹೆಣ್ಣುಮಗು ಹುಟ್ಟಿದಾಗ ಕರ್ಪೂರದ ಗಿಡ ನೆಟ್ಟು, ಮದುವೆಗೆ ಅದೇ ಮರದಿಂದ ಪೆಟ್ಟಿಗೆ ಮಾಡಿಸಿ ಕೊಡುವ ರೂಢಿ ಇತ್ತು. ಆ ಮರ ಹೋಟೆಲಿನ ಅಂಗಳದಲ್ಲಿ ಎಷ್ಟು ಹಸಿರಾಗಿದ್ದರೂ ಅದರಿಂದ ಯಾವ ಮಗಳ ಪೆಟ್ಟಿಗೆಯೂ ಆಗುವುದಿಲ್ಲ. ಈ ಕಥೆಯನ್ನು ಹೊಗಳುವವರ ಬಾಯಲ್ಲಿ ಮೊದಲು ಬರುವುದು ಮನೆಯ ಲೆಕ್ಕ, ಮರದ ಲೆಕ್ಕ. ತಲೆಯ ಲೆಕ್ಕ ಬರುವುದಿಲ್ಲ.

ಹಾಗಾದರೆ ಹಳೆಯ ಸಾಮಾನು ಬಳಸಲೇಬಾರದೇ? ಬಳಸಬೇಕು. ವಾಂಗ್ ಶು ಎಂಬ ವಾಸ್ತುಶಿಲ್ಪಿಯ ಕೆಲಸ ನೋಡಿ. 2012ರಲ್ಲಿ ಪ್ರಿಟ್ಜ್ಕರ್ ಪ್ರಶಸ್ತಿ ಪಡೆದವರು. ಹಾಂಗ್‌ಝೌದ ಕಲಾ ಅಕಾಡೆಮಿಯ ಶಿಯಾಂಗ್‌ಶಾನ್ ಆವರಣಕ್ಕೆ ಕೆಡವಿದ ಮನೆಗಳ 20 ಲಕ್ಷಕ್ಕೂ ಹೆಚ್ಚು ಹೆಂಚು ತಂದು ಹೊದಿಸಿದರು. ಅದೇ ಆವರಣದಲ್ಲಿ 2013ರಲ್ಲಿ ಮಣ್ಣು ಕುಟ್ಟಿ ಎಬ್ಬಿಸಿದ ದಪ್ಪ ಗೋಡೆಗಳ ಅತಿಥಿಗೃಹ ಕಟ್ಟಿದರು. ನಿಂಗ್ಬೋ ವಸ್ತುಸಂಗ್ರಹಾಲಯದ ಗೋಡೆಗೆ 'ವಾಪಾನ್' ಎಂಬ ಹಳೆಯ ಗಾರೆ ಕೆಲಸ ಬಳಸಿದರು. ಬಿರುಗಾಳಿಗೆ ಮನೆ ಬಿದ್ದಾಗ, ಒಡೆದ ಇಟ್ಟಿಗೆ ಹೆಂಚುಗಳನ್ನೇ ಆಯ್ದು ಬೇಗ ಗೋಡೆ ಎಬ್ಬಿಸಲು ಆ ಕಡೆಯ ಗಾರೆಯವರು ಕಂಡುಕೊಂಡಿದ್ದ ರೀತಿ ಅದು. ನಕ್ಷೆಯಲ್ಲಿ ಪ್ರತಿ ಚೂರನ್ನೂ ಬರೆದು ಕೊಡಲು ಆಗುವುದಿಲ್ಲ. ಯಾವ ತುಂಡು ಎಲ್ಲಿ ಕೂರಬೇಕು ಎಂಬುದು ಗಾರೆಯವನ ಕೈಗೆ ಬಿಟ್ಟದ್ದು. ಅಂದರೆ ಹೆಂಚಿನ ಜೊತೆ ಕಸುಬೂ ಬದುಕಿತು. ಆದರೂ ಒಂದು ಮಾತು: ಅಷ್ಟೊಂದು ಹೆಂಚು ಸಿಕ್ಕಿದ್ದು ಅಷ್ಟೊಂದು ಮನೆ ಕೆಡವಿದ್ದರಿಂದ. ಗೋಡೆಯ ಮುಂದೆ ಸೆಲ್ಫಿ ತೆಗೆಯುವಾಗ ಅದೂ ನೆನಪಿರಲಿ.

ಈಗ ಗೆಳೆಯನ ಪ್ರಶ್ನೆಗೆ ಬರುತ್ತೇನೆ. ಕಬ್ಬಿಗೆ ಸಂಬಂಧಿಸಿದ ಇನ್ನೊಂದು ಕಟ್ಟಡ ಚೀನಾದಲ್ಲೇ ಇದೆ. ಅದರ ರೀಲ್ಸ್ ನಮ್ಮ ಗುಂಪಿಗೆ ಇನ್ನೂ ಬಂದಿಲ್ಲ. ಝೆಜಿಯಾಂಗ್ ಪ್ರಾಂತ್ಯದ ಸೊಂಗ್‌ಯಾಂಗ್ ಕೌಂಟಿಯ ಷಿಂಗ್ ಎಂಬ ಹಳ್ಳಿಯಲ್ಲಿ ಷೂ ಟಿಯೆನ್‌ಟಿಯೆನ್ ಎಂಬ ವಾಸ್ತುಶಿಲ್ಪಿ 2016ರಲ್ಲಿ ಕಟ್ಟಿಕೊಟ್ಟದ್ದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆಲೆಮನೆ. ಮೊದಲು ಆ ಊರಿನವರು ಅಲ್ಲೊಂದು ಇಲ್ಲೊಂದು ಶೆಡ್ಡಿನಲ್ಲಿ ಹೊಗೆ ಕುಡಿಯುತ್ತ ಬೆಲ್ಲದಂಥ ಕೆಂಪು ಸಕ್ಕರೆ ಕಾಯಿಸುತ್ತಿದ್ದರು. ಈಗ ಗದ್ದೆಯ ಅಂಚಿನಲ್ಲಿ ಕಬ್ಬಿಣ, ಇಟ್ಟಿಗೆ, ಗಾಜಿನ ಎತ್ತರದ ಕಟ್ಟಡದೊಳಗೆ ಕಾಯಿಸುತ್ತಾರೆ. ಒಡೆತನ ಊರಿನದು. ಸುತ್ತ ನಡೆದಾಡುವ ಹಾದಿ ಬಿಟ್ಟಿದ್ದಾರೆ. ಪೇಟೆಯಿಂದ ಬಂದವರು ಅಲ್ಲಿ ನಿಂತು ನೋಡಬಹುದು, ಕೊಳ್ಳಬಹುದು. ಕಬ್ಬಿನ ಕಾಲ ಮುಗಿದ ಮೇಲೆ ಊರವರು ಸೇರುವ ಜಾಗವೂ ಅದೇ.

ಎರಡರಲ್ಲೂ ಇಟ್ಟಿಗೆ ಇದೆ, ಎರಡಕ್ಕೂ ಪಟ್ಟಣದ ಅತಿಥಿ ಬರುತ್ತಾನೆ, ಎರಡೂ ವಾಸ್ತುಶಿಲ್ಪದ ಪತ್ರಿಕೆಗಳಲ್ಲಿ ಬಂದಿವೆ. ಒಂದರಲ್ಲಿ ಕೊಪ್ಪರಿಗೆ ಕುದಿಯುತ್ತದೆ, ಇನ್ನೊಂದರಲ್ಲಿ ಇಲ್ಲ. ಒಂದರ ಒಡೆಯ ಊರು, ಇನ್ನೊಂದಕ್ಕೆ ಊರಿನವನು ಒಳಗೆ ಹೋಗುವುದು ಹೆಚ್ಚಾಗಿ ಸಮವಸ್ತ್ರ ಹಾಕಿಕೊಂಡು. ಹೋಟೆಲ್ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ, ನನ್ನ ಅಕ್ಕನೇ ಒಂದು ರೆಸಾರ್ಟಿನಲ್ಲಿ ದುಡಿಯುತ್ತಾಳೆ. ಅವಳ ಸಂಬಳದಲ್ಲಿ ನನ್ನ ಎರಡು ಸೆಮಿಸ್ಟರ್ ಫೀಸು ಕಟ್ಟಿದ್ದೇವೆ. ಆದರೆ ಕಬ್ಬು ಬೆಳೆದವಳು ಹಾಸಿಗೆ ಹಾಸುವುದನ್ನು 'ಕಬ್ಬಿನ ಸಂಸ್ಕೃತಿಯ ಪುನರುಜ್ಜೀವನ' ಎಂದು ಬರೆದರೆ ಒಪ್ಪಲಾರೆ.

ಆದ್ದರಿಂದ ಮುಚ್ಚಿದ ಫ್ಯಾಕ್ಟರಿಯ ಗೇಟಿನ ಮುಂದೆ ನಾಳೆ ಯಾರಾದರೂ ಹೋಟೆಲಿನ ನಕ್ಷೆ ಹಿಡಿದು ಬಂದರೆ, ಬಣ್ಣದ ಚಿತ್ರ ನೋಡುವ ಮೊದಲು ಕೇಳಬೇಕಾದ್ದಿದೆ. ಷೇರುದಾರ ರೈತರ ಬಾಕಿ ಏನಾಯಿತು? ಜಾಗ ಯಾರ ಹೆಸರಿಗೆ ಹೋಗುತ್ತದೆ? ಗೋಡೆ ಕಟ್ಟುವ ಗಾರೆಯವರು ಯಾವ ಊರಿನವರು? ಒಂದು ಮೂಲೆಯಲ್ಲಾದರೂ ಗಾಣ ತಿರುಗುತ್ತದಾ? ಇದಕ್ಕೆಲ್ಲ ಉತ್ತರ ಇದ್ದರೆ ಈಜುಕೊಳವೂ ಬರಲಿ, ನಾನೇನೂ ಅಡ್ಡ ಮಲಗುವುದಿಲ್ಲ.

ಷಿಂಗ್ ಹಳ್ಳಿಯ ನಾಲ್ಕು ಫೋಟೋ ನಿನ್ನೆ ಗುಂಪಿಗೆ ಹಾಕಿದೆ. ಹೆಬ್ಬೆಟ್ಟು ಬಿದ್ದದ್ದು ಮೂರೇ. ಆದರೆ ರೀಲ್ಸ್ ಹಾಕಿದ್ದ ಗೆಳೆಯ ರಾತ್ರಿ ಫೋನ್ ಮಾಡಿ, 'ಅಲ್ಲಿ ಒಲೆಗೆ ಏನು ಉರಿಸ್ತಾರೆ, ಕಬ್ಬಿನ ಸಿಪ್ಪೆನಾ ಸೌದೆನಾ?' ಎಂದು ಕೇಳಿದ. ಅವರ ಅಪ್ಪನದು ಆಲೆಮನೆ ಇತ್ತು.