ಗಡಿನಾಡಿನ ಕಪಾಟಿನಲ್ಲಿ ಯಾವ ಪುಸ್ತಕಗಳಿರಬೇಕು?

ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಗ್ರಂಥಾಲಯಗಳಿಗೆ ಕನ್ನಡ ಪುಸ್ತಕಗಳು ಬೇಕೆಂದಾಗಲೆಲ್ಲ ಒಂದು ಮರುಪ್ರಶ್ನೆ ಎದುರಾಗುತ್ತದೆ: ‘ಓದುವವರು ಎಲ್ಲಿದ್ದಾರೆ?’ ಕೇಳುವವರಲ್ಲಿ ದುರುದ್ದೇಶವಿದೆಯೆಂದು ನಾನು ಭಾವಿಸುವುದಿಲ್ಲ. ಆದರೆ ಈ ನೆಲಕ್ಕೆ ಇಂಥ ಪ್ರಶ್ನೆ ಹೊಸದೂ ಅಲ್ಲ. ತೆಲಂಗಾಣದಲ್ಲಿ ಕವಿಗಳೇ ಇಲ್ಲವೆಂಬ ಮಾತು ಹಿಂದೊಮ್ಮೆ ಕೇಳಿಬಂದಿತ್ತು. ಗದ್ವಾಲ ಸೀಮೆಯವರೇ ಆದ ಸುರವರಂ ಪ್ರತಾಪರೆಡ್ಡಿಯವರು 1934ರಲ್ಲಿ 354 ಕವಿಗಳ ರಚನೆಗಳನ್ನು ಕಲೆಹಾಕಿ, ‘ಗೋಲ್ಕೊಂಡ ಕವುಲ ಸಂಚಿಕ’ವನ್ನು ಹೊರತಂದು ಅದಕ್ಕೆ ಉತ್ತರ ಕೊಟ್ಟರು. ಕವಿಗಳು ಇದ್ದರು, ಅವರನ್ನು ಹುಡುಕಿ ಕಲೆಹಾಕುವವರು ಬೇಕಾಗಿತ್ತು. ಇಲ್ಲಿಯ ಕನ್ನಡ ಓದುಗರ ವಿಷಯದಲ್ಲಿಯೂ ಸಂಗತಿ ಇದೇ ಎಂಬುದು ನನ್ನ ನಂಬಿಕೆ.

ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವು. ರಾಜ್ಯ ಪುನರ್ವಿಂಗಡಣೆಯಾದಾಗ ಅವು ಮಹಬೂಬನಗರ ಜಿಲ್ಲೆಗೆ ಸೇರಿದವು. ನಾರಾಯಣಪೇಟೆ, ಮಕ್ತಲ್‌ಗಳು ಮೊದಲೇ ಆ ಜಿಲ್ಲೆಯಲ್ಲಿದ್ದವು. ಈಗ 2016ರಿಂದ ಗದ್ವಾಲವೂ 2019ರಿಂದ ನಾರಾಯಣಪೇಟೆಯೂ ಸ್ವತಂತ್ರ ಜಿಲ್ಲಾ ಕೇಂದ್ರಗಳು. ಕಚೇರಿಯ ಮೊಹರು ಇಷ್ಟು ಸಲ ಬದಲಾದರೂ ಅಡುಗೆಮನೆಯ ಮಾತು ಅದರೊಡನೆ ಬದಲಾಗಲಿಲ್ಲ. ಕೃಷ್ಣಾ ಮಂಡಲದ ಊರುಗಳಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ. ತೆಲಂಗಾಣ ಸರಕಾರ ಆ ಮಕ್ಕಳಿಗಾಗಿ ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಮುದ್ರಿಸುತ್ತದೆ. ಇದು ಸಣ್ಣ ಸಂಗತಿಯಲ್ಲ. ಆದರೆ ಪಠ್ಯ ಮುಗಿದ ಮೇಲೆ ಮಗುವಿನ ಕೈಗೆ ಬರುವ ಎರಡನೆಯ ಕನ್ನಡ ಪುಸ್ತಕ ಯಾವುದು? ಪರೀಕ್ಷೆಗಾಗಿ ಮಾತ್ರ ಓದಿದ ಭಾಷೆ ಪರೀಕ್ಷೆಯೊಡನೆಯೇ ಮುಗಿದುಹೋಗುತ್ತದೆ.

ಪುಸ್ತಕಗಳನ್ನು ಆರಿಸುವಾಗ ನಾವು ಸಾಮಾನ್ಯವಾಗಿ ಎರಡು ದಾರಿಗಳಲ್ಲೊಂದನ್ನು ಹಿಡಿಯುತ್ತೇವೆ. ಒಂದು, ಯಾರದೋ ಮನೆಯಲ್ಲಿ ಮಿಕ್ಕ ಹಳೆಯ ಪುಸ್ತಕಗಳನ್ನು ಗಡಿನಾಡಿಗೆ ದಾನವೆಂದು ಕಳುಹಿಸುವುದು. ಇನ್ನೊಂದು, ಜ್ಞಾನಪೀಠ ಪುರಸ್ಕೃತರ ಸಂಪುಟಗಳನ್ನು ಸಾಲಾಗಿ ಜೋಡಿಸಿ ಕೈಮುಗಿಯುವುದು. ಮೊದಲನೆಯದು ಓದುಗನಿಗೆ ಅಗೌರವ. ಎರಡನೆಯದು ಗೌರವವೇ ಸರಿ, ಆದರೆ ಅದರಿಂದ ಕಪಾಟು ತುಂಬುತ್ತದೆಯೇ ಹೊರತು ಕೈ ತುಂಬುವುದಿಲ್ಲ.

ಇಲ್ಲಿಯ ಒಂದು ಮನೆಯನ್ನು ಕಣ್ಣೆದುರು ತಂದುಕೊಳ್ಳೋಣ. ಅಜ್ಜಿಗೆ ದಾಸರ ಪದಗಳು ಬಾಯಿಪಾಠ, ಅಕ್ಷರ ಮಸುಕು. ತಂದೆ ಮನೆಯಲ್ಲಿ ಕನ್ನಡ ಆಡುತ್ತಾನೆ, ಓದಿದ್ದು ತೆಲುಗು ಮಾಧ್ಯಮದಲ್ಲಿ. ತಾಯಿ ಕನ್ನಡ ಶಾಲೆಯಲ್ಲಿ ಕಲಿತವಳು, ಬಿಟ್ಟು ಬಹುಕಾಲವಾಗಿದೆ. ಮಗು ಇಂಗ್ಲಿಷ್ ಶಾಲೆಗೆ ಹೋಗುತ್ತದೆ. ಒಂದೇ ಸೂರಿನ ಕೆಳಗೆ ನಾಲ್ಕು ಬಗೆಯ ಓದುಗರು. ವೈವಿಧ್ಯವೆಂಬುದು ಇಲ್ಲಿ ಅಲಂಕಾರವಲ್ಲ, ಅಗತ್ಯ.

ಅಜ್ಜಿಗೆ ದಪ್ಪಕ್ಷರದ ‘ಹರಿಕಥಾಮೃತಸಾರ’ ಬೇಕು. ಅದನ್ನು ಬರೆದ ಜಗನ್ನಾಥದಾಸರಿಗೆ ಗುರುಗಳಾದ ಗೋಪಾಲದಾಸರು ನೆಲೆಸಿದ್ದ ಉತ್ತನೂರು ಇರುವುದು ಗದ್ವಾಲ ಜಿಲ್ಲೆಯಲ್ಲಿಯೇ. ತಾಯಿಗೆ ಗೀತಾ ನಾಗಭೂಷಣರ ‘ಬದುಕು’ ಇರಲಿ. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಪಡೆದ ಆ ಕಾದಂಬರಿಯಲ್ಲಿ ಕಲಬುರಗಿ ಸೀಮೆಯ ಆಡುಮಾತಿದೆ. ತನ್ನ ಮಾತು ಅಚ್ಚಿನಲ್ಲಿ ಬರಬಲ್ಲದೆಂದು ತಿಳಿಯುವುದೇ ಓದಿಗೆ ಒಂದು ಆಮಂತ್ರಣ. ಅದರ ಪಕ್ಕದಲ್ಲಿ ಆರೋಗ್ಯ, ಒಕ್ಕಲುತನ, ಕಾನೂನುಗಳ ಕುರಿತ ಸರಳ ಪುಸ್ತಕಗಳೂ ಇರಬೇಕು. ಇವು ಸಾಹಿತ್ಯವಲ್ಲವೆಂದು ಮೂಗು ಮುರಿಯುವವರಿದ್ದಾರೆ. ಹತ್ತಿಗೆ ತಗುಲಿದ ರೋಗದ ಬಗ್ಗೆ ಕನ್ನಡದಲ್ಲಿ ಓದಿ ಉಪಯೋಗ ಕಂಡ ರೈತ ಮುಂದೊಂದು ದಿನ ಕತೆಯ ಪುಸ್ತಕಕ್ಕೂ ಕೈಚಾಚುತ್ತಾನೆ ಎಂಬುದನ್ನು ನಾವು ಮರೆಯಬಾರದು.

ಮಕ್ಕಳಿಗೆ ರಾಜರತ್ನಂ ಅವರ ‘ತುತ್ತೂರಿ’, ಕಾರಂತರ ‘ಬಾಲಪ್ರಪಂಚ’ ಇಂದಿಗೂ ಬೇಕು. ಆದರೆ ಗಡಿನಾಡಿನ ಮಗುವಿಗೆ ಇನ್ನೊಂದು ಅನುಕೂಲವಿದೆ. 2018ರ ಕಾಯಿದೆಯ ಬಳಿಕ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯವಾಗಿದೆ. ಇದನ್ನು ಕನ್ನಡಕ್ಕೆ ಬಂದ ಕುತ್ತೆಂದು ನೋಡುವವರುಂಟು. ನಾನು ಇದನ್ನು ಮೆಟ್ಟಿಲೆಂದು ನೋಡುತ್ತೇನೆ. ಎರಡೂ ಲಿಪಿಗಳು ಒಂದೇ ಬೇರಿನವು. ತೆಲುಗು ಓದಬಲ್ಲ ಮಗು ಕ, ತ, ಶ ಮೊದಲಾದ ಕೆಲವೇ ಅಕ್ಷರಗಳ ವ್ಯತ್ಯಾಸವನ್ನು ಗುರುತಿಸಿಕೊಂಡರೆ ಕನ್ನಡದ ಬಾಗಿಲು ತಾನಾಗಿ ತೆರೆಯುತ್ತದೆ. ಎಡಪುಟದಲ್ಲಿ ತೆಲುಗು, ಬಲಪುಟದಲ್ಲಿ ಕನ್ನಡವಿರುವ ಚಿತ್ರಕಥೆಗಳು ಇದಕ್ಕೆ ಸಾಕು. ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಲ್ಲಿ ಹಲವು ಚಿತ್ರಕಥೆಗಳು ಕನ್ನಡ, ತೆಲುಗು, ಮರಾಠಿ ಮೂರರಲ್ಲಿಯೂ ಉಚಿತವಾಗಿ ದೊರೆಯುತ್ತವೆ. ಅವನ್ನು ಮುದ್ರಿಸಿಕೊಳ್ಳಲು ಅಡ್ಡಿಯಿಲ್ಲ. 1947ರಲ್ಲಿ ಆರಂಭವಾದ ‘ಚಂದಮಾಮ’ ಹಲವು ಭಾಷೆಗಳ ಮಕ್ಕಳಿಗೆ ಅದೇ ಕತೆ, ಅದೇ ಚಿತ್ರಗಳನ್ನು ಒದಗಿಸಿ ಈ ದಾರಿಯನ್ನು ಎಂದೋ ತೋರಿಸಿಕೊಟ್ಟಿತ್ತು.

ಮರಾಠಿಯನ್ನೂ ಹೊರಗಿಡಬಾರದು. ನಾರಾಯಣಪೇಟೆಯ ಓಣಿಗಳಲ್ಲಿ ಮರಾಠಿ ಮಾತು ಇನ್ನೂ ಕೇಳಿಸುತ್ತದೆ. ಎರಡೂ ಭಾಷೆಗಳಲ್ಲಿ ಶಾಲೆ ಕಲಿತ ನನಗೆ ಒಂದು ಇನ್ನೊಂದನ್ನು ತಿಂದುಹಾಕಿದ ಅನುಭವವಿಲ್ಲ. ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರು ಕನ್ನಡಕ್ಕೆ ಕೊಟ್ಟದ್ದೇನೆಂದು ನಮ್ಮ ವಿಭಾಗದವರಿಗೆ ಹೇಳಬೇಕಾಗಿಲ್ಲ. ಬರದ ನಾಡಿನ ಕುರುಬರ ಹಳ್ಳಿಗೆ ಬಂದ ಎಳೆಯ ಶಿಕ್ಷಕನ ಕತೆಯಾದ ವ್ಯಂಕಟೇಶ ಮಾಡಗೂಳಕರರ ‘ಬನಗರವಾಡಿ’ ಮೂಲ ಮರಾಠಿಯಲ್ಲಿಯೇ ಕನ್ನಡ ಪುಸ್ತಕಗಳ ಪಕ್ಕದಲ್ಲಿರಲಿ. ನೆರೆಯವರಿಗೂ ಸ್ಥಳವಿರುವ ಕಪಾಟನ್ನು ಊರು ತನ್ನದೆಂದು ಕಾಪಾಡಿಕೊಳ್ಳುತ್ತದೆ.

ಇದಕ್ಕೆಲ್ಲ ಹಣವೆಲ್ಲಿ ಎಂಬ ಪ್ರಶ್ನೆ ಸಹಜ. 1960ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಮನೆತೆರಿಗೆಯೊಡನೆ ಗ್ರಂಥಾಲಯ ಕರವೂ ಸಂದಾಯವಾಗುತ್ತದೆ. ಕನ್ನಡ ಮಾತನಾಡುವ ಮನೆಯೂ ಅದನ್ನು ಕೊಡುತ್ತದೆ. ಆದುದರಿಂದ ಜಿಲ್ಲಾ ಗ್ರಂಥಾಲಯ ಸಂಸ್ಥೆಯನ್ನು ಕನ್ನಡ ಪುಸ್ತಕ ಕೇಳುವುದು ಯಾಚನೆಯಲ್ಲ, ಹಕ್ಕು. ಆದರೆ ಲಿಖಿತ ಬೇಡಿಕೆಯಿಲ್ಲದೆ ಯಾವ ಗ್ರಂಥಪಾಲಕರೂ ಖರೀದಿಯ ಪಟ್ಟಿ ಮಾಡಲಾರರು.

ಇಲ್ಲಿ ನಮ್ಮ ವಿದ್ಯಾರ್ಥಿಗಳ ಪಾತ್ರವಿದೆ. ರಜೆಗೆ ಊರಿಗೆ ಹೋದಾಗ ಪ್ರತಿಯೊಬ್ಬರೂ ಹತ್ತು ಮನೆಗಳನ್ನು ಕಂಡು, ಯಾವ ವಯಸ್ಸಿನವರು ಏನನ್ನು ಓದಬಯಸುತ್ತಾರೆ, ಯಾವ ಲಿಪಿ ಬಲ್ಲರು ಎಂಬುದನ್ನು ಬರೆದು ತರಲಿ. ಉತ್ತಮವಾದುದನ್ನು ನಾವೇ ಆರಿಸಿ ಕಳುಹಿಸುವ ಮೊದಲು ಅವರ ಮಾತನ್ನು ಕೇಳಿಸಿಕೊಳ್ಳುವುದು ಲೇಸು. ಆ ಪಟ್ಟಿಗಳನ್ನು ಒಟ್ಟುಗೂಡಿಸಿ ಗ್ರಂಥಾಲಯಗಳ ಮುಂದಿಟ್ಟ ದಿನ, ‘ಓದುವವರು ಎಲ್ಲಿದ್ದಾರೆ’ ಎಂದು ಕೇಳುವವರಿಗೆ ಊರು, ಓಣಿ, ಮನೆಗಳ ಸಮೇತ ಉತ್ತರ ಕೊಡಬಹುದು.