ಸಾಲ ಕೊಟ್ಟವರಿಗೂ ಕೋರ್ಸಿನ ಹೊಣೆ ಇರಲಿ

ಕೆಲಸದಲ್ಲಿದ್ದುಕೊಂಡೇ ಡೇಟಾ ಸೈನ್ಸ್ ಕಲಿಯಲು ಹೊರಟವರಿಗೆ ಹಣಕಾಸು ಸಲಹೆಗಾರರು ಹೇಳುವುದು ಒಂದೇ ಮಾತು: ನಾಲ್ಕು ಕಡೆ ಬಡ್ಡಿ ವಿಚಾರಿಸಿ, ಆಮೇಲೆ ಸಾಲ ಮಾಡಿ. ವಿಚಾರಿಸಲು ಪುರಸೊತ್ತು ಎಲ್ಲಿದೆ? ಉಚಿತ ಡೆಮೊ ಮುಗಿದು ಅರ್ಧ ಗಂಟೆಯಾಗುವಷ್ಟರಲ್ಲಿ ‘ಕೌನ್ಸೆಲರ್’ ಎಂಬ ಹೆಸರಿನ ಮಾರಾಟಗಾರನ ಫೋನು. ‘ಎರಡೇ ಸೀಟು ಉಳಿದಿವೆ ಸರ್, ಇವತ್ತೇ ಬುಕ್ ಮಾಡಿದ್ರೆ ಸ್ಕಾಲರ್‌ಶಿಪ್.’ ಲಿಂಕ್ ಬರುತ್ತದೆ. ಆಧಾರ್, ಪ್ಯಾನ್, ಒಂದು ಸೆಲ್ಫಿ, ಎರಡು ಒಟಿಪಿ. ಕಂತಿನ ಸೌಲಭ್ಯ ಅಂದುಕೊಂಡಿದ್ದು ಯಾವುದೋ ಬ್ಯಾಂಕೇತರ ಹಣಕಾಸು ಸಂಸ್ಥೆಯ (ಎನ್‌ಬಿಎಫ್‌ಸಿ) ಸಾಲ ಎಂಬುದು ಎಷ್ಟೋ ಜನರಿಗೆ ತಿಳಿಯುವುದು ಮೊದಲ ಇಎಂಐ ಕಡಿತವಾದಾಗ. ಸಾಲ ಕೊಡುವವರನ್ನು ಆರಿಸಿದ್ದು ಕೋರ್ಸ್ ಮಾರುವ ಕಂಪನಿ, ತೀರಿಸಬೇಕಾದವರು ಇವರು.

ಬ್ಯಾಂಕಿಗೆ ಹೋಗಬಹುದಿತ್ತಲ್ಲ ಎನ್ನುವವರಿದ್ದಾರೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಎಂಬ ಶಿಕ್ಷಣ ಸಾಲದ ಯೋಜನೆ, ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸೇರಿದವರಿಗಷ್ಟೇ. ಆಫೀಸು ಮುಗಿಸಿ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂರುವವರು ಅದರ ಲೆಕ್ಕಕ್ಕೇ ಇಲ್ಲ.

ಇನ್ನು ‘ನೋ ಕಾಸ್ಟ್ ಇಎಂಐ’. ಒಂದೇ ಸಲ ಕಟ್ಟಿದರೆ 1,60,000 ರೂಪಾಯಿ, ಕಂತಿನಲ್ಲಾದರೆ 24 ತಿಂಗಳು 7,500 ಎನ್ನಿ. ಬಡ್ಡಿ ಇಲ್ಲ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಲೆಕ್ಕ ಹಾಕಿ ನೋಡಿ, ವರ್ಷಕ್ಕೆ ಹೆಚ್ಚುಕಡಿಮೆ ಶೇ 12 ಬೀಳುತ್ತದೆ. ಪ್ರೊಸೆಸಿಂಗ್ ಶುಲ್ಕ ಬೇರೆ. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿತ್ತು.

ಹಾಗೆ ಹೇಳಿದ ರಿಸರ್ವ್ ಬ್ಯಾಂಕು ಡಿಜಿಟಲ್ ಸಾಲದ ವಿಚಾರದಲ್ಲಿ ಯಾರ ಪರ ನಿಂತಿದೆ? ಸಾಲದ ಹಣ ಸಾಲ ಪಡೆದವರ ಖಾತೆಗೇ ಹೋಗಬೇಕೆಂದು 2022ರಲ್ಲಿ ನಿಯಮ ಮಾಡಿತು. ನಿರ್ದಿಷ್ಟ ಉದ್ದೇಶದ ಸಾಲವಾದರೆ ಮಾರುವವರ ಖಾತೆಗೆ ನೇರ ಹಾಕಬಹುದು ಎಂಬ ವಿನಾಯಿತಿಯನ್ನೂ ಜೊತೆಗೇ ಇಟ್ಟಿತು. ಕೋರ್ಸಿನ ಸಾಲ ನುಸುಳುವುದು ಅಲ್ಲೇ. 2023ರ ಜೂನಿನಲ್ಲಿ, ಸಾಲ ತಂದುಕೊಡುವ ಪಾಲುದಾರ ಕಂಪನಿ ಶೇ 5ರವರೆಗೆ ನಷ್ಟದ ಖಾತ್ರಿ ಕೊಡಬಹುದು ಎಂದಿತು. ಅಂದರೆ ಕಂತು ನಿಂತರೆ ಎನ್‌ಬಿಎಫ್‌ಸಿಗೆ ಖಾತ್ರಿ ಉಂಟು, ಪಾಠ ನಿಂತರೆ ವಿದ್ಯಾರ್ಥಿಗೆ ಏನೂ ಇಲ್ಲ. ದಂಡವಿಲ್ಲದೆ ಸಾಲದಿಂದ ಹಿಂದೆ ಸರಿಯಲು ಮೊದಲು ಕನಿಷ್ಠ 3 ದಿನವಾದರೂ ಇತ್ತು. 2025ರ ನಿರ್ದೇಶನದಲ್ಲಿ ಅದು 1 ದಿನಕ್ಕೆ ಇಳಿಯಿತು!

ಪಾಠ ನಿಂತು ಸಾಲ ಉಳಿಯುವುದು ಊಹೆಯ ಮಾತಲ್ಲ. 2023ರಲ್ಲಿ ಬೆಂಗಳೂರಿನ ತರಬೇತಿ ಕಂಪನಿಯೊಂದರ ವಿರುದ್ಧ ವಿದ್ಯಾರ್ಥಿಗಳು ಪೊಲೀಸರ ಬಳಿ ಹೋದದ್ದು ತಮ್ಮ ಹೆಸರಿನಲ್ಲಾದ ಸಾಲಗಳ ವಿಚಾರಕ್ಕೇ.

ಸಹಿ ಹಾಕಿದ್ದು ನೀವೇ ಅಲ್ಲವೇ ಎಂಬ ವಾದ ಇದ್ದೇ ಇದೆ. ಹೌದು. ಆದರೆ ಕೋರ್ಸೂ ಸಾಲವೂ ಒಂದೇ ಫೋನ್ ಕರೆಯಲ್ಲಿ ಮಾರಾಟವಾಗಿವೆ. ಕೈಕೊಟ್ಟಾಗ ಮಾತ್ರ ಅವೆರಡೂ ಬೇರೆ ಬೇರೆ ಒಪ್ಪಂದ ಹೇಗಾಗುತ್ತವೆ? ಮಾರಿದವನ ಮೇಲೆ ಗ್ರಾಹಕನಿಗಿರುವ ತಕರಾರನ್ನು ಸಾಲ ಕೊಟ್ಟವರ ಮೇಲೂ ಹೂಡಬಹುದು ಎಂದು ಬ್ರಿಟನ್ 1974ರಲ್ಲಿ, ಅಮೆರಿಕ 1975ರಲ್ಲಿ ನಿಯಮ ಮಾಡಿಕೊಂಡವು. ಹಾಗೆ ಮಾಡಿದರೆ ಸಾಲ ದುಬಾರಿಯಾಗುತ್ತದೆ ಎಂದು ಸಾಲ ಕೊಡುವ ಕಂಪನಿಗಳು ಗೊಣಗುತ್ತವೆ. ಆಗಲಿ ಬಿಡಿ, ಎಂಥ ಕೋರ್ಸಿಗೆ ದುಡ್ಡು ಕೊಡುತ್ತಿದ್ದೇವೆಂದು ಅವರೂ ಒಮ್ಮೆ ನೋಡಲಿ. ರಿಸರ್ವ್ ಬ್ಯಾಂಕ್ ಮಾಡಬೇಕಾದ್ದು ಇಷ್ಟು: ಪಾಠ ನಿಂತ ದಿನವೇ ಕಂತೂ ನಿಲ್ಲಬೇಕು, ತಕರಾರು ಇತ್ಯರ್ಥವಾಗುವ ತನಕ ಸಿಬಿಲ್‌ಗೆ ಸುಸ್ತಿದಾರ ಎಂಬ ವರದಿ ಹೋಗಕೂಡದು.