ಲೆಕ್ಕಕ್ಕಿಲ್ಲದ ಸೇನೆ ಕೇಳಿದ ಲೆಕ್ಕ

2023ರ ಜೂನ್ 24, ಶನಿವಾರ. ದಕ್ಷಿಣ ರಷ್ಯಾದ ರೊಸ್ತೊವ್ ನಗರದವರು ಬೆಳಗ್ಗೆ ಎದ್ದು ನೋಡಿದರೆ ಬೀದಿಯಲ್ಲಿ ಟ್ಯಾಂಕುಗಳು. ಉಕ್ರೇನ್ ಯುದ್ಧಕ್ಕೆ ಆಜ್ಞೆಗಳು ಹೊರಡುವ ದಕ್ಷಿಣ ಸೇನಾ ವಲಯದ ಪ್ರಧಾನ ಕಚೇರಿ ಅಷ್ಟೊತ್ತಿಗಾಗಲೇ ‘ವ್ಯಾಗ್ನರ್’ ಎಂಬ ಖಾಸಗಿ ಪಡೆಯ ವಶವಾಗಿತ್ತು. ಅದರ ಒಡೆಯ ಯೆವ್ಗೆನಿ ಪ್ರಿಗೋಷಿನ್ ಕಚೇರಿಯ ಅಂಗಳದಲ್ಲಿ ಕುಳಿತು ಉಪ ರಕ್ಷಣಾ ಸಚಿವರ ಜೊತೆ ವಾದಕ್ಕಿಳಿದಿದ್ದ. ರಕ್ಷಣಾ ಸಚಿವ ಸೆರ್ಗೈ ಶೋಯಿಗು, ಸೇನಾ ಮುಖ್ಯಸ್ಥ ವಲೇರಿ ಗೆರಾಸಿಮೊವ್ ಇಬ್ಬರೂ ತನ್ನ ಮುಂದೆ ಬರಬೇಕು ಎಂಬುದು ಅವನ ಪಟ್ಟು. ಮಾತಿನ ನಡುವೆ, ನನ್ನನ್ನು ಏಕವಚನದಲ್ಲಿ ಕರೆಯುವುದೇಕೆ ಎಂದು ಆ ಉಪ ಸಚಿವರನ್ನೇ ತರಾಟೆಗೆ ತೆಗೆದುಕೊಂಡ. ಆ ವಿಡಿಯೊವನ್ನು ಜಗತ್ತೆಲ್ಲ ನೋಡಿತು.

ಇನ್ನೊಂದು ತುಕಡಿ ಎಂ-4 ಹೆದ್ದಾರಿ ಹಿಡಿದು ಮಾಸ್ಕೋದತ್ತ ನುಗ್ಗಿತು. ದಾರಿಯುದ್ದಕ್ಕೂ ಅಡ್ಡ ನಿಲ್ಲುವವರೇ ಇರಲಿಲ್ಲವೆನ್ನಬೇಕು. ಲಿಪೆಟ್ಸ್ಕ್ ಪ್ರಾಂತ್ಯದಲ್ಲಿ ಅಧಿಕಾರಿಗಳು ಜೆಸಿಬಿ ತಂದು ಹೆದ್ದಾರಿಯನ್ನೇ ಅಗೆದು ಹಾಕಿದರು. ರಾಜಧಾನಿ ಇನ್ನು 200 ಕಿ.ಮೀ. ಇದೆ ಎನ್ನುವಾಗ ಬೆಲಾರಸ್ ಅಧ್ಯಕ್ಷ ಲುಕಶೆಂಕೊ ಮಧ್ಯಸ್ಥಿಕೆಯಲ್ಲಿ ರಾಜಿಯಾಗಿ ಪಡೆ ಹಿಂದಿರುಗಿತು. ಅಷ್ಟರಲ್ಲಿ ರಷ್ಯಾ ವಾಯುಪಡೆಯ ಹಲವು ಹೆಲಿಕಾಪ್ಟರುಗಳನ್ನೂ ಒಂದು ಇಲ್ಯೂಷಿನ್ ವಿಮಾನವನ್ನೂ ಬಂಡುಕೋರರು ಹೊಡೆದುರುಳಿಸಿದ್ದರು. ರಷ್ಯಾದ ಯೋಧರು ರಷ್ಯಾದ ನೆಲದ ಮೇಲೆ ರಷ್ಯನ್ನರ ಗುಂಡಿಗೇ ಬಲಿಯಾಗಿದ್ದರು.

ಒಂದೇ ದಿನದಲ್ಲಿ ಮುಗಿದ ಈ ದಂಗೆಯನ್ನು ಹುಂಬನೊಬ್ಬನ ಹುಚ್ಚಾಟ ಎಂದು ಬಗೆದವರು ಬಹಳ. ನನಗೆ ಹಾಗೆನ್ನಿಸುವುದಿಲ್ಲ. ಕಾನೂನಿನ ಕಣ್ಣಿಗೆ ಕಾಣದ ಸೇನೆಯೊಂದನ್ನು ಸರ್ಕಾರ ಒಂಬತ್ತು ವರ್ಷ ಸಾಕಿತು. ಹತ್ತನೆಯ ವರ್ಷ ಅದು ಬಂದು ಲೆಕ್ಕ ಕೇಳಿತು. ನಡೆದದ್ದು ಇಷ್ಟೇ.

ಪ್ರಿಗೋಷಿನ್ ಸೈನಿಕನಾಗಿದ್ದವನಲ್ಲ. ದರೋಡೆ ಪ್ರಕರಣದಲ್ಲಿ ಸೋವಿಯತ್ ಜೈಲಿನಲ್ಲಿ ಸುಮಾರು ಒಂಬತ್ತು ವರ್ಷ ಕಳೆದು, ಹೊರಬಂದ ಮೇಲೆ ಹಾಟ್ ಡಾಗ್ ಮಾರಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ದೊಡ್ಡವರು ಬಂದು ಉಣ್ಣುವಂಥ ರೆಸ್ಟೊರೆಂಟುಗಳನ್ನು ಕಟ್ಟಿದವನು. ಅಲ್ಲಿ ಊಟಕ್ಕೆ ಬಂದವರಲ್ಲಿ ವ್ಲಾದಿಮಿರ್ ಪುಟಿನ್ ಕೂಡ ಒಬ್ಬರು. ಮುಂದೆ ಶಾಲೆಗಳಿಗೆ, ಸೇನೆಗೆ ಊಟ ಪೂರೈಸುವ ಗುತ್ತಿಗೆಗಳು ಅವನ ಕಂಪನಿಗೆ ಬಂದವು. ‘ಪುಟಿನ್‌ರ ಬಾಣಸಿಗ’ ಎಂಬ ಅಡ್ಡಹೆಸರೂ ಬಂತು. 2014ರಲ್ಲಿ ಪೂರ್ವ ಉಕ್ರೇನಿನಲ್ಲಿ ಗಲಭೆ ಎದ್ದಾಗ ಸೇನಾ ಗುಪ್ತಚರ ಪಡೆಯ ಮಾಜಿ ಅಧಿಕಾರಿ ದ್ಮಿತ್ರಿ ಉಟ್ಕಿನ್ ಜೊತೆಗೂಡಿ ಹೊಸ ವ್ಯವಹಾರಕ್ಕೆ ಕೈಹಾಕಿದ. ಅನ್ನದ ಗುತ್ತಿಗೆ ಹಿಡಿದಿದ್ದ ಕೈ ಯುದ್ಧದ ಗುತ್ತಿಗೆ ಹಿಡಿಯಿತು. ವೈರ್‌ಲೆಸ್ಸಿನಲ್ಲಿ ಉಟ್ಕಿನ್‌ಗಿದ್ದ ಸಂಕೇತನಾಮವೇ ಪಡೆಯ ಹೆಸರಾಯಿತು.

ರಷ್ಯಾದ ದಂಡಸಂಹಿತೆಯ 359ನೇ ವಿಧಿಯ ಪ್ರಕಾರ ಬಾಡಿಗೆ ಸೈನಿಕರನ್ನು ನೇಮಿಸಿಕೊಳ್ಳುವುದು ಅಪರಾಧ. ಆದರೂ ಸಿರಿಯಾ, ಲಿಬಿಯಾ, ಮಧ್ಯ ಆಫ್ರಿಕಾ ಗಣರಾಜ್ಯ, ಮಾಲಿ ಎಲ್ಲ ಕಡೆಯೂ ವ್ಯಾಗ್ನರ್ ಬಂದೂಕುಗಳಿದ್ದವು. ಗೆದ್ದರೆ ರಷ್ಯಾದ ಪ್ರಭಾವ ಹೆಚ್ಚುತ್ತಿತ್ತು, ಸತ್ತರೆ ಅವರು ಯಾರೋ ಏನೋ. 2018ರ ಫೆಬ್ರುವರಿಯಲ್ಲಿ ಸಿರಿಯಾದ ಖಶಾಂ ಬಳಿ ಅಮೆರಿಕದ ಸೈನಿಕರಿದ್ದ ನೆಲೆಯತ್ತ ವ್ಯಾಗ್ನರ್ ಜನರಿದ್ದ ಪಡೆ ಮುನ್ನುಗ್ಗಿತು. ಅವರು ನಿಮ್ಮವರೇ ಎಂದು ಅಮೆರಿಕದ ಸೇನಾಧಿಕಾರಿಗಳು ರಷ್ಯಾ ಸೇನೆಯನ್ನು ಕೇಳಿದಾಗ ಅಲ್ಲ ಎಂಬ ಉತ್ತರ ಬಂತು. ನಂತರ ಗಂಟೆಗಟ್ಟಲೆ ಬಾಂಬಿನ ಮಳೆ ಸುರಿಯಿತು. ತನ್ನ ಪ್ರಜೆಗಳನ್ನು ತನ್ನವರಲ್ಲ ಎಂದ ಸರ್ಕಾರ ಅಂದೇ ಅವರ ನಿಷ್ಠೆಯನ್ನೂ ಕಳೆದುಕೊಂಡಿತ್ತು. ಅದು ಹೊರಗೆ ಕಾಣಲು ಐದು ವರ್ಷ ಬೇಕಾಯಿತು.

ಸೇನೆಗಳಲ್ಲಿ ಆರು ಬಗೆಯೆಂದು ಕೌಟಿಲ್ಯ ಅರ್ಥಶಾಸ್ತ್ರದಲ್ಲಿ ಹೇಳುತ್ತಾನೆ: ಮೌಲ, ಭೃತ, ಶ್ರೇಣಿ, ಮಿತ್ರ, ಅಮಿತ್ರ, ಅಟವೀ. ಇವುಗಳಲ್ಲಿ ಮೊದಲು ಹೇಳಿದ್ದು ನಂತರದ್ದಕ್ಕಿಂತ ಮೇಲು ಎಂಬುದು ಅವನ ತೀರ್ಮಾನ. ಸಂಬಳಕ್ಕೆ ಬಂದ ಭೃತ ಸೇನೆಯನ್ನು ಅವನು ಹಳಿಯಲಿಲ್ಲ, ಎರಡನೆಯ ಸ್ಥಾನ ಕೊಟ್ಟ. ಅದು ಸದಾ ಕೈಯಳತೆಯಲ್ಲಿದ್ದು ಹೇಳಿದ ಮಾತು ಕೇಳುತ್ತದೆ ಎಂಬುದು ಕಾರಣ. ತನ್ನದೇ ಮುಖ್ಯಸ್ಥನಿರುವ ಶ್ರೇಣಿಗೆ, ಅಂದರೆ ವೃತ್ತಿಸಂಘದ ಪಡೆಗೆ, ಅದರ ಕೆಳಗಿನ ಸ್ಥಾನ. ಈ ತಾರತಮ್ಯವನ್ನು ಗಮನಿಸಬೇಕು. ಸಂಬಳಕ್ಕಾಗಿ ಕಾದುವುದು ದೋಷವಲ್ಲ; ನಮ್ಮ ಜವಾನರಿಗೂ ಸಂಬಳವಿದೆ. ಆ ಸಂಬಳ ಯಾರ ಕೈಯಿಂದ ಬರುತ್ತದೆ, ಸೈನಿಕ ಯಾರ ಮುಖ ನೋಡುತ್ತಾನೆ ಎಂಬಲ್ಲಿ ವಿಷಯವಿದೆ. ವ್ಯಾಗ್ನರ್‌ಗೆ ಹಣ ರಷ್ಯಾದ ಖಜಾನೆಯದು, ಮುಖ ಮಾತ್ರ ಪ್ರಿಗೋಷಿನ್‌ನದು.

2022ರ ಮಧ್ಯಭಾಗದಿಂದ ಪ್ರಿಗೋಷಿನ್ ಜೈಲುಗಳಿಗೇ ಹೋಗಿ ಕೈದಿಗಳನ್ನು ಸೇರಿಸಿಕೊಳ್ಳತೊಡಗಿದ. ಆರು ತಿಂಗಳು ರಣರಂಗದಲ್ಲಿ ಬದುಕುಳಿದರೆ ಕ್ಷಮಾದಾನ, ಓಡಿಹೋದರೆ ಗುಂಡು. ಓಡಿಹೋದವನೆಂದು ಹೇಳಲಾದ ಒಬ್ಬನ ತಲೆಯನ್ನು ದೊಡ್ಡ ಸುತ್ತಿಗೆಯಿಂದ ಜಜ್ಜಿ ಕೊಂದ ವಿಡಿಯೊ ಆ ನವೆಂಬರಿನಲ್ಲಿ ಹರಿದಾಡಿತು. ಪ್ರಿಗೋಷಿನ್ ಅದನ್ನು ಮೆಚ್ಚಿಕೊಂಡೇ ಮಾತಾಡಿದ. ನ್ಯಾಯಾಧೀಶರು ಕೊಟ್ಟ ಶಿಕ್ಷೆಯನ್ನು ಕಂಪನಿಯೊಂದು ಅಳಿಸಬಹುದು, ಕಂಪನಿ ಕೊಟ್ಟ ಮರಣದಂಡನೆಯನ್ನು ಮಾತ್ರ ಯಾರೂ ಪ್ರಶ್ನಿಸುವಂತಿಲ್ಲ ಎಂಬ ಸ್ಥಿತಿ ಅದು. ಉಕ್ರೇನಿನ ಬಖ್ಮತ್ ಎಂಬ ಸಣ್ಣ ಊರಿಗಾಗಿ ತಿಂಗಳುಗಟ್ಟಲೆ ಕಾದಾಡಿ 2023ರ ಮೇನಲ್ಲಿ ಅದು ತನ್ನ ವಶವಾಯಿತೆಂದು ಘೋಷಿಸಿದಾಗ, ತನ್ನವರು 20,000 ಮಂದಿ ಸತ್ತರೆಂದೂ ಅವರಲ್ಲಿ ಅರ್ಧದಷ್ಟು ಕೈದಿಗಳೆಂದೂ ಅವನೇ ಹೇಳಿದ.

ಜಗಳ ಶುರುವಾದದ್ದು ಅಲ್ಲಿಯೇ. ಮದ್ದುಗುಂಡು ಕೊಡದೆ ಸೇನಾ ಮುಖ್ಯಸ್ಥರು ತನ್ನವರನ್ನು ಸಾಯಿಸುತ್ತಿದ್ದಾರೆ ಎಂದು ಅವನು ಕೂಗಾಡಿದ. ಮೇ 5ರ ವಿಡಿಯೊದಲ್ಲಿ ಅವನ ಹಿಂದೆ ಸಾಲಾಗಿ ಹೆಣಗಳಿದ್ದವು. ಶೋಯಿಗು, ಗೆರಾಸಿಮೊವ್ ಹೆಸರು ಹಿಡಿದು ಬಾಯಿಗೆ ಬಂದಂತೆ ಬೈದ. ಸೈನಿಕನೊಬ್ಬ ಹಾಗೆ ಮಾತಾಡಿದ್ದರೆ ಮಾರನೆಯ ದಿನ ಜೈಲಿನಲ್ಲಿರುತ್ತಿದ್ದ. ಇವನನ್ನು ಯಾರೂ ಮುಟ್ಟಲಿಲ್ಲ. ಏಕೆಂದರೆ ಕಾಗದದ ಮೇಲೆ ಅವನು ಸೇನೆಯವನಲ್ಲ.

ಜೂನ್ 10ರಂದು ರಕ್ಷಣಾ ಸಚಿವಾಲಯ ಒಂದು ಆದೇಶ ಹೊರಡಿಸಿತು: ಎಲ್ಲ ‘ಸ್ವಯಂಸೇವಕ’ ಪಡೆಗಳೂ ಜುಲೈ 1ರೊಳಗೆ ಸಚಿವಾಲಯದ ಜೊತೆ ಒಪ್ಪಂದಕ್ಕೆ ಸಹಿ ಹಾಕಬೇಕು. ಸಹಿ ಹಾಕಿದರೆ ಪಡೆ ಹೋಯಿತು, ಹಣ ಹೋಯಿತು, ವರ್ಚಸ್ಸೂ ಹೋಯಿತು. ‘ನ್ಯಾಯಕ್ಕಾಗಿ ನಡಿಗೆ’ ಎಂದು ಪ್ರಿಗೋಷಿನ್ ತನ್ನ ದಂಗೆಗೆ ಹೆಸರಿಟ್ಟ. ಸೇನೆ ತನ್ನ ಶಿಬಿರಗಳ ಮೇಲೆ ದಾಳಿ ಮಾಡಿತೆಂದು ದೂರಿದ, ಯುದ್ಧಕ್ಕೆ ಸರ್ಕಾರ ಕೊಟ್ಟ ಕಾರಣವೇ ಸುಳ್ಳೆಂದ. ಆ ಕೊನೆಯ ಮಾತು ನಿಜವೇ ಇರಬಹುದು. ಆದರೆ ವರ್ಷಕ್ಕೂ ಹೆಚ್ಚು ಕಾಲ ಅದೇ ಯುದ್ಧದಿಂದ ಬೆಳೆದವನ ಬಾಯಲ್ಲಿ ಅದು ಗುತ್ತಿಗೆ ಕೈತಪ್ಪುವ ಹೊತ್ತಿನ ಜ್ಞಾನೋದಯ. ರೊಸ್ತೊವ್‌ನಿಂದ ಆ ರಾತ್ರಿ ಹೊರಟವನನ್ನು ಚಪ್ಪಾಳೆ ತಟ್ಟಿ, ಸೆಲ್ಫಿ ತೆಗೆದುಕೊಂಡು ಬೀಳ್ಕೊಟ್ಟ ಜನರಿಗೆ ಅದು ತಿಳಿಯದೇನಲ್ಲ. ಪ್ರಭುತ್ವದ ಮುಖಕ್ಕೆ ಯಾರಾದರೂ ಏನಾದರೂ ಹೇಳಿದರಲ್ಲ ಎಂಬುದೇ ಅವರಿಗೆ ಸಾಕಾಗಿತ್ತು.

ಪುಟಿನ್ ಆ ಬೆಳಗ್ಗೆ ಟಿ.ವಿ.ಯಲ್ಲಿ ಕಾಣಿಸಿಕೊಂಡು ಇದು ದ್ರೋಹ, ಬೆನ್ನಿಗೆ ಇರಿತ ಎಂದರು, ಕ್ರಾಂತಿಯ ವರ್ಷವಾದ 1917ನ್ನು ನೆನಪಿಸಿದರು. ಮೂರು ದಿನ ಕಳೆದ ಮೇಲೆ ಅವರು ಆಡಿದ ಇನ್ನೊಂದು ಮಾತು ನನಗೆ ಅದಕ್ಕಿಂತ ಮುಖ್ಯ. ವ್ಯಾಗ್ನರ್‌ನ ಖರ್ಚನ್ನೆಲ್ಲ ಸರ್ಕಾರವೇ ಹೊತ್ತಿತ್ತು, 2022ರ ಮೇನಿಂದ ಒಂದು ವರ್ಷದಲ್ಲಿ ಸಂಬಳ, ಭತ್ಯೆಗೆಂದೇ 86 ಶತಕೋಟಿ ರೂಬಲ್‌ಗೂ ಹೆಚ್ಚು ಕೊಟ್ಟಿದ್ದೇವೆ ಎಂದರು. ವರ್ಷಗಟ್ಟಲೆ ನಮಗೂ ಅವರಿಗೂ ಸಂಬಂಧವಿಲ್ಲ ಎಂದ ಸರ್ಕಾರ ಹೀಗೆ ತಾನೇ ರಸೀದಿ ತೋರಿಸಿತು. ಮುಂದಿನ ತಿಂಗಳು ಅದೇ ಪುಟಿನ್, ಕಾನೂನಿನ ದೃಷ್ಟಿಯಲ್ಲಿ ವ್ಯಾಗ್ನರ್ ಎಂಬುದು ಇಲ್ಲವೇ ಇಲ್ಲ ಎಂದರು. ಉಂಡ ಮನೆಗೆ ಎರಡು ಬಗೆದ ಎಂದು ಪ್ರಿಗೋಷಿನ್‌ನನ್ನು ದೂರುವವರು, ಬಡಿಸಿದ ಕೈ ಯಾವುದೆಂದೂ ಕೇಳಬೇಕು.

ಇನ್ನು ಕಾನೂನಿನ ಗತಿ. ಮಾಸ್ಕೋದ ಸ್ಥಳೀಯ ಕೌನ್ಸಿಲರ್ ಅಲೆಕ್ಸೈ ಗೊರಿನೊವ್ ಸಭೆಯೊಂದರಲ್ಲಿ ಯುದ್ಧದ ವಿರುದ್ಧ ಮಾತಾಡಿದ್ದಕ್ಕೆ 2022ರಲ್ಲಿ ಏಳು ವರ್ಷ ಜೈಲು. ರಾಜಕಾರಣಿ, ಪತ್ರಕರ್ತ ವ್ಲಾದಿಮಿರ್ ಕಾರಾ-ಮುರ್ಜಾಗೆ 2023ರ ಏಪ್ರಿಲ್‌ನಲ್ಲಿ 25 ವರ್ಷ. ನಗರ ಹಿಡಿದು, ವಿಮಾನ ಉರುಳಿಸಿ, ಪೈಲಟ್‌ಗಳನ್ನು ಕೊಂದ ದಂಗೆಯ ಪ್ರಕರಣವನ್ನಾದರೋ ನಾಲ್ಕೇ ದಿನದಲ್ಲಿ ಮುಚ್ಚಿದರು. ಜೂನ್ 29ಕ್ಕೆ ಪ್ರಿಗೋಷಿನ್ ಮತ್ತವನ ಕಮಾಂಡರುಗಳು ಕ್ರೆಮ್ಲಿನ್‌ನಲ್ಲಿ ಅಧ್ಯಕ್ಷರ ಎದುರು ಕುಳಿತಿದ್ದರು. ಬಾಯಿಗೆ ಬೀಗ, ಬಂದೂಕಿಗೆ ಮಾತುಕತೆ! ಕಾನೂನಿನಾಚೆ ಹುಟ್ಟಿಸಿದ ಪಡೆಯನ್ನು ಕಾನೂನಿನೊಳಗೆ ಶಿಕ್ಷಿಸಲು ಸರ್ಕಾರದ ಬಳಿ ದಾರಿಯೇ ಇರಲಿಲ್ಲ.

ದಂಗೆಯ ಎರಡು ತಿಂಗಳಿಗೆ ಸರಿಯಾಗಿ, ಆಗಸ್ಟ್ 23ರಂದು, ತ್ವೆರ್ ಪ್ರಾಂತ್ಯದಲ್ಲಿ ಪ್ರಿಗೋಷಿನ್ ಇದ್ದ ಖಾಸಗಿ ಜೆಟ್ ಬಿದ್ದು ಹತ್ತು ಜನ ಸತ್ತರು. ಅವರಲ್ಲಿ ಉಟ್ಕಿನ್ ಕೂಡ ಇದ್ದ. ತನ್ನ ಕೈವಾಡವಿಲ್ಲ ಎಂದಿತು ಕ್ರೆಮ್ಲಿನ್. ಶವಗಳಲ್ಲಿ ಗ್ರೆನೇಡ್ ಚೂರುಗಳು ಸಿಕ್ಕಿವೆ ಎಂದರು ಪುಟಿನ್. ಅದು ಅಪಘಾತವೇ ಅಲ್ಲವೇ ಎಂದು ತೀರ್ಮಾನಿಸಲು ನಂಬಬಹುದಾದ ತನಿಖೆ ನಡೆಯಲಿಲ್ಲ.

ಯುರೋಪಿಗೆ ಇಂಥದ್ದು ಹೊಸತಲ್ಲ. ಮೂವತ್ತು ವರ್ಷಗಳ ಯುದ್ಧದಲ್ಲಿ ಚಕ್ರವರ್ತಿ ಎರಡನೇ ಫರ್ಡಿನಾಂಡ್‌ಗೆ ಸ್ವಂತ ಹಣದಿಂದ ದಂಡು ಕಟ್ಟಿಕೊಟ್ಟ ವಾಲೆನ್‌ಸ್ಟೈನ್, ಕೊನೆಗೆ ಚಕ್ರವರ್ತಿಯನ್ನೇ ಮೀರುವಷ್ಟು ಬೆಳೆದ. ತನ್ನ ಅಧಿಕಾರಿಗಳಿಂದ ತನಗೇ ನಿಷ್ಠೆಯ ಸಹಿ ಹಾಕಿಸಿಕೊಂಡ. 1634ರ ಫೆಬ್ರುವರಿಯಲ್ಲಿ ಏಗರ್ ಪಟ್ಟಣದಲ್ಲಿ ಅವನನ್ನು ಕೊಂದದ್ದು ಚಕ್ರವರ್ತಿಯ ಕಡೆಯ ಅಧಿಕಾರಿಗಳೇ. ವಿಚಾರಣೆ ಅಲ್ಲಿಯೂ ನಡೆಯಲಿಲ್ಲ.

ರಷ್ಯಾ ಒಂದನ್ನೇ ಕಟಕಟೆಯಲ್ಲಿ ನಿಲ್ಲಿಸುವುದೂ ನ್ಯಾಯವಲ್ಲ. 2007ರಲ್ಲಿ ಬಾಗ್ದಾದಿನ ನಿಸೂರ್ ವೃತ್ತದಲ್ಲಿ ಅಮೆರಿಕದ ‘ಬ್ಲ್ಯಾಕ್‌ವಾಟರ್’ ಕಂಪನಿಯ ಕಾವಲುಗಾರರು 17 ಇರಾಕಿ ನಾಗರಿಕರನ್ನು ಕೊಂದರು. ಅಲ್ಲಿ ಕನಿಷ್ಠ ನ್ಯಾಯಾಲಯವೊಂದು ನಾಲ್ವರನ್ನು ಶಿಕ್ಷಿಸಿತು. 2020ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಅವರನ್ನು ಕ್ಷಮಿಸಿದರು. ಬಾಡಿಗೆ ಸೈನಿಕರ ವಿರುದ್ಧ ವಿಶ್ವಸಂಸ್ಥೆಯ ಒಡಂಬಡಿಕೆ ಅಂಗೀಕಾರವಾದದ್ದು 1989ರಲ್ಲಿ. ಅಮೆರಿಕ, ರಷ್ಯಾ, ಬ್ರಿಟನ್, ಚೀನಾ ಯಾವುದೂ ಅದಕ್ಕೆ ಸೇರಿಲ್ಲ. ಭಾರತವೂ ಸೇರಿಲ್ಲ.

ನಮಗೇಕೆ ಈ ಮಾತು ಎನ್ನುವವರು ಕಲಬುರಗಿಯನ್ನು ನೆನೆಯಲಿ. ರಷ್ಯಾದಲ್ಲಿ ಭದ್ರತಾ ಸಹಾಯಕರ ಕೆಲಸವೆಂದು ಏಜೆಂಟರು ಹೇಳಿದ್ದನ್ನು ನಂಬಿ ಹೋದ ಆ ಜಿಲ್ಲೆಯ ಯುವಕರು ಯುದ್ಧಭೂಮಿಗೆ ಬಿದ್ದು, 2024ರ ಸೆಪ್ಟೆಂಬರಿನಲ್ಲಿ ಪಾರಾಗಿ ಮನೆ ಸೇರಿದರು. ಎಲ್ಲರಿಗೂ ಆ ಅದೃಷ್ಟವಿರಲಿಲ್ಲ. ರಷ್ಯಾ ಸೇನೆಗೆ ಸೇರಿದ 126 ಭಾರತೀಯರಲ್ಲಿ 12 ಮಂದಿ ಸತ್ತಿದ್ದಾರೆ, 16 ಮಂದಿಯ ಪತ್ತೆಯಿಲ್ಲ ಎಂದು ಭಾರತದ ವಿದೇಶಾಂಗ ಸಚಿವಾಲಯ 2025ರ ಜನವರಿಯಲ್ಲಿ ತಿಳಿಸಿತು. ಪ್ರಿಗೋಷಿನ್ ಹೋದರೂ ಬಡವರ ಮಕ್ಕಳನ್ನು, ಕೈದಿಗಳನ್ನು, ಪರದೇಶದವರನ್ನು ಮುಂದಿನ ಸಾಲಿಗೆ ದೂಡುವ ವಿದ್ಯೆ ಹೋಗಲಿಲ್ಲ. ರಷ್ಯಾದ ರಕ್ಷಣಾ ಸಚಿವಾಲಯವೇ ಅದನ್ನು ಕಲಿತುಕೊಂಡಿತು.

ಯಾರ ಸಾವಿಗೆ ಸರ್ಕಾರ ಹೊಣೆ ಹೊರುವುದಿಲ್ಲವೋ ಅವನ ಕೈಗೆ ಅದು ಬಂದೂಕು ಕೊಡಬಾರದು. ಭಾರತ ವಿಶ್ವಸಂಸ್ಥೆಯ ಆ ಒಡಂಬಡಿಕೆಗೆ ಸೇರಲಿ. ನಮ್ಮ ಹುಡುಗರನ್ನು ಪರರ ಯುದ್ಧಕ್ಕೆ ಮಾರುವ ಏಜೆಂಟರಿಗೆ ಶಿಕ್ಷೆಯಾಗುವವರೆಗೆ ಪ್ರಕರಣಗಳನ್ನು ಬಿಡದಿರಲಿ. ಹೊರದೇಶದಲ್ಲಿ ಕಾವಲು ಕೆಲಸ, ಲಕ್ಷಗಟ್ಟಲೆ ಸಂಬಳ ಎಂದು ಯಾರಾದರೂ ಮನೆ ಬಾಗಿಲಿಗೆ ಬಂದರೆ, ಒಪ್ಪಂದ ಯಾವ ಭಾಷೆಯಲ್ಲಿದೆ, ಅದರ ಕೊನೆಯಲ್ಲಿ ಯಾರ ಸಹಿ ಇದೆ ಎಂದು ಓದುಗರು ಮೊದಲು ಕೇಳಲಿ.